ಪುಟ್ಟ ಕೈಗೆ ಮೊದಲು ಬಣ್ಣ, ಆಮೇಲೆ ಪೆನ್ಸಿಲು

ಜೂನ್ ತಿಂಗಳಲ್ಲಿ ಮಳೆಯ ಜತೆಗೇ ಶಾಲೆಗಳೂ ಆರಂಭವಾಗುತ್ತವೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆಗಳಲ್ಲಿ ಮೂರು ವರ್ಷ ತುಂಬಿದ ಮಕ್ಕಳನ್ನು ಹೆತ್ತವರು ಅಂಗನವಾಡಿಗೋ ಎಲ್.ಕೆ.ಜಿ.ಗೋ ಸೇರಿಸುತ್ತಾರೆ. ಚೌತಿ, ಮೊಂತಿ ಹಬ್ಬ ಬರುವ ಹೊತ್ತಿಗೆ ಕೆಲವು ತಾಯಂದಿರ ಮುಖದಲ್ಲಿ ಚಿಂತೆ ಕಾಣಿಸುತ್ತದೆ. "ನಮ್ಮ ಮಗುವಿಗೆ ಬರೆಯಲು ಬರುವುದಿಲ್ಲ. ಪೆನ್ಸಿಲು ಕೊಟ್ಟರೆ ಬಿಸಾಡುತ್ತದೆ. ಪಕ್ಕದ ಮನೆಯ ಮಗು ಆಗಲೇ ಎ, ಬಿ, ಸಿ, ಡಿ ಪೂರ್ತಿ ಬರೆಯುತ್ತದೆ. ಟ್ಯೂಶನ್ನಿಗೆ ಕಳುಹಿಸಬೇಕೋ?" ಎಂಬ ಪ್ರಶ್ನೆ ಬರುತ್ತದೆ. ಮೂರೂವರೆ ವರ್ಷದ ಮಗುವಿಗೆ ಟ್ಯೂಶನ್!

ಪ್ರಿಯ ಹೆತ್ತವರೇ, ಆ ಮಗುವಿಗೆ ಟ್ಯೂಶನ್ ಬೇಡ. ಒಂದು ಗೆರಟೆಯಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ನೀಲಿ ಬಣ್ಣ ಕಲಸಿ, ದೊಡ್ಡದೊಂದು ಕಾಗದ ಹಾಸಿ, ಹಳೆಯ ಅಂಗಿ ತೊಡಿಸಿ ಕುಳ್ಳಿರಿಸಿ. ಬರೆಯುವ ಕೈ ತಯಾರಾಗುವುದು ಅಲ್ಲಿ. ಏಕೆ ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿಯೇ ನೋಡೋಣ.

ಮಣಿಕಟ್ಟಿನ ಮೂಳೆಗಳು ಹೇಳುವ ಮಾತು

ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಮಗು ಹುಟ್ಟುವಾಗ ಅವು ಇನ್ನೂ ಮೂಳೆಯಾಗಿರುವುದಿಲ್ಲ, ಮೆದುವಾದ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಮೊದಲ ವರ್ಷದಲ್ಲಿ ಒಂದೆರಡು ಗಟ್ಟಿಯಾಗಲು ಆರಂಭಿಸುತ್ತವೆ, ಮತ್ತೆ ವರ್ಷಗಳುದ್ದಕ್ಕೂ ಒಂದೊಂದಾಗಿ ಉಳಿದವು. ಕೊನೆಯದು ಗಟ್ಟಿಯಾಗಲು ಶುರುವಾಗುವುದೇ ಒಂಬತ್ತು ಹತ್ತು ವರ್ಷದ ಸುಮಾರಿಗೆ, ಕೆಲವರಲ್ಲಿ ಇನ್ನೂ ತಡವಾಗಿ. ಮಗುವಿನ ಬೆಳವಣಿಗೆ ಅಳೆಯಬೇಕಾದಾಗ ವೈದ್ಯರು ಕೈಯ ಎಕ್ಸ್-ರೇ ತೆಗೆಸುವುದು ಇದೇ ಕಾರಣಕ್ಕೆ. ಮೂಳೆ ಮಾತ್ರವಲ್ಲ, ಬೆರಳುಗಳನ್ನು ಬೇರೆ ಬೇರೆಯಾಗಿ ಆಡಿಸುವ ಸಣ್ಣ ಸ್ನಾಯುಗಳೂ ನಿಧಾನವಾಗಿಯೇ ಬಲಗೊಳ್ಳುತ್ತವೆ.

ಆದ್ದರಿಂದಲೇ ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಒನಕೆ ಹಿಡಿದ ಹಾಗೆ. ಇಡೀ ತೋಳು ಭುಜದಿಂದ ಅಲ್ಲಾಡುತ್ತದೆ. ಎರಡು ಮೂರು ವರ್ಷಕ್ಕೆ ಬೆರಳುಗಳು ಕೆಳಮುಖವಾಗಿ ಬರುತ್ತವೆ, ಚಲನೆ ಮೊಣಕೈಗೆ ಇಳಿಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಪೆನ್ಸಿಲು ನೆಟ್ಟಗೆ ಕೂರುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದ ನಡುವೆ. ಭುಜ, ಮೊಣಕೈ, ಮಣಿಕಟ್ಟು, ಬೆರಳು, ಈ ಮೆಟ್ಟಿಲುಗಳನ್ನು ಹಾರಿಸಿ ಮೂರು ವರ್ಷದ ಮಗುವಿನ ಕೈಯಲ್ಲಿ ಸಪೂರದ ಪೆನ್ಸಿಲು ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆಸಿದರೆ ಏನಾಗುತ್ತದೆ? ಮಗು ಒತ್ತಿ ಹಿಡಿಯುತ್ತದೆ, ಬೆರಳು ನೋಯುತ್ತದೆ, ಬರೆಯುವುದೆಂದರೆ ನೋವು ಎಂದು ತಿಳಿಯುತ್ತದೆ. ಹಾಗೆ ತಿಳಿದ ಮಗು ಪೆನ್ಸಿಲು ಬಿಸಾಡಿದರೆ ಅದನ್ನು ಹಟವೆಂದು ಗದರಿಸುವುದು ನ್ಯಾಯವಲ್ಲ.

ಬಣ್ಣ ಹಚ್ಚುವಾಗ ಹೀಗಲ್ಲ. ದಪ್ಪ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದರೂ ಕೆಲಸ ನಡೆಯುತ್ತದೆ. ಹಗುರವಾಗಿ ಎಳೆದರೂ ಗೆರೆ ಮೂಡುತ್ತದೆ. ತಪ್ಪು ಒಪ್ಪು ಎಂಬುದಿಲ್ಲ. ಗೋಡೆಯ ಮೇಲೆ ಕಾಗದ ಅಂಟಿಸಿ ನಿಂತು ಬಣ್ಣ ಹಚ್ಚುವ ಮಗುವಿನ ಭುಜ ಗಟ್ಟಿಯಾಗುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಲು ಕಲಿಯುತ್ತದೆ. ಮುಂದೆ ಬರೆಯುವಾಗ ಬೇಕಾದ ಬಾಗು ಅದೇ.

ನಮ್ಮ ಕನ್ನಡದ ಮಕ್ಕಳಿಗೆ ಇದರ ಅಗತ್ಯ ಇನ್ನೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೆಟ್ಟಗಿನ ಗೆರೆಗಳೇ ಬಹಳ. ಎ, ಇ, ಎಫ್, ಎಚ್, ಟಿ ಎಲ್ಲ ಕಡ್ಡಿ ಜೋಡಿಸಿದ ಹಾಗೆ. ನಮ್ಮ ಅಕ್ಷರಗಳನ್ನು ನೋಡಿ. ಅ, ಇ, ಈ, ಉ, ಒ, ಠ, ಬ, ಲ. ಎಲ್ಲಿ ನೋಡಿದರೂ ಸುತ್ತು, ಬಳುಕು, ತಿರುವು. ಮಗು ನೋಡಿಕೊಂಡು ಒಂದು ವೃತ್ತವನ್ನು ಎಳೆಯಲು ಶಕ್ತವಾಗುವುದು ಸುಮಾರು ಮೂರು ವರ್ಷಕ್ಕೆ. ಅಡ್ಡ ಉದ್ದ ಗೆರೆಗಳ ಶಿಲುಬೆಯಾಕಾರ ಬರುವುದು ನಾಲ್ಕರ ಹತ್ತಿರ, ಚೌಕ ನಾಲ್ಕೂವರೆಗೆ, ತ್ರಿಕೋನ ಐದಕ್ಕೆ. ಒಂದು ಸುತ್ತು ಎಳೆಯಲೇ ಇಷ್ಟು ಕಾಲ ಬೇಕಾದರೆ, ಎರಡು ಸುತ್ತು ಒಂದು ಕೊಂಬು ಇರುವ ಅಕ್ಷರಕ್ಕೆ ಎಷ್ಟು ಬೇಡ? ಬಣ್ಣದ ಬ್ರಷ್ಷಿನಿಂದ ಚಂದ್ರ, ದೋಸೆ, ಚಕ್ರ, ಅಜ್ಜಿಯ ಮುಖ ಎಂದು ಸಾವಿರ ಸಲ ಸುತ್ತಿದ ಕೈಗೆ ಅಕ್ಷರದ ಸುತ್ತು ಹೊಸದಾಗಿ ಕಾಣುವುದಿಲ್ಲ.

ಇದು ಇಂದು ನಿನ್ನೆ ಕಂಡುಕೊಂಡ ವಿಷಯವೇನೂ ಅಲ್ಲ. ಮರಿಯಾ ಮಾಂಟೆಸರಿ 1907ರ ಜನವರಿ 6ರಂದು ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಅಲ್ಲಿ ಮಕ್ಕಳಿಗೆ ನೇರವಾಗಿ ಬರವಣಿಗೆ ಕಲಿಸಲಿಲ್ಲ. ಲೋಹದ ಚೌಕಟ್ಟುಗಳ ಸುತ್ತ ಗೆರೆ ಎಳೆದು ಒಳಗೆ ಬಣ್ಣದ ಪೆನ್ಸಿಲಿನಿಂದ ತುಂಬುವುದು, ಉರುಟು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವುದು ಮುಂತಾದ ಕೆಲಸಗಳನ್ನು ಕೊಟ್ಟರು. ಕೈ ಹದವಾದ ಮೇಲೆ ಮಕ್ಕಳು ತಾವಾಗಿಯೇ ಬರೆಯತೊಡಗಿದರು. ಈ ಮಹಿಳೆ 1939ರಲ್ಲಿ ಭಾರತಕ್ಕೆ ಬಂದು, ಮಹಾಯುದ್ಧದ ಕಾರಣದಿಂದ 1946ರವರೆಗೆ ಇಲ್ಲಿಯೇ ಉಳಿದು, ಮದ್ರಾಸಿನ ಅಡ್ಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ನಮ್ಮ ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಇಂದು ಅವರ ಹೆಸರನ್ನು ಬೋರ್ಡಿನಲ್ಲಿ ಬರೆದುಕೊಂಡು ಒಳಗೆ ಮೂರು ವರ್ಷದ ಮಕ್ಕಳಿಂದ ಕಾಪಿ ಬರೆಸುವ ಶಾಲೆಗಳೂ ಇವೆ. ಅಂಥ ಬೋರ್ಡನ್ನು ನೋಡಿ ಮೋಸಹೋಗಬೇಡಿ.

ಗೀಚು, ಗೊದಮೊಟ್ಟೆ, ನೆಲ, ಆಕಾಶ

ಮಗುವಿನ ಚಿತ್ರಕ್ಕೂ ಮಗುವಿನ ಮಾತಿಗೂ ಹೋಲಿಕೆ ಇದೆ. ಮಗು ಮೊದಲು ತೊದಲುತ್ತದೆ, ಆಮೇಲೆ ಒಂದೊಂದೇ ಶಬ್ದ, ಆಮೇಲೆ ವಾಕ್ಯ. ಚಿತ್ರದಲ್ಲೂ ಹಾಗೆಯೇ.

ಎರಡು ವರ್ಷದ ಸುಮಾರಿಗೆ ಬರೇ ಗೀಚು. ಅಮೆರಿಕದ ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಪುಟ್ಟ ಮಕ್ಕಳ ಶಾಲೆ ನಡೆಸಿದ ರೋಡಾ ಕೆಲ್ಲಾಗ್ ಎಂಬಾಕೆ ಲಕ್ಷಾಂತರ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿ ನೋಡಿ, ಈ ಗೀಚುಗಳಲ್ಲಿಯೇ ಇಪ್ಪತ್ತು ಬಗೆಗಳನ್ನು ಗುರುತಿಸಿದರು. ಚುಕ್ಕಿ, ನೆಟ್ಟಗಿನ ಗೆರೆ, ಅಡ್ಡಗೆರೆ, ಅಂಕುಡೊಂಕು, ಸುರುಳಿ ಹೀಗೆ. ಯಾವ ದೇಶದ ಮಗುವಾದರೂ ಆರಂಭ ಬಹುತೇಕ ಒಂದೇ ಎಂಬುದು ಆಕೆ ಕಂಡ ಸೋಜಿಗ. ಮೂರು ವರ್ಷ ದಾಟುವಾಗ ಮಗು ತನ್ನ ಗೀಚಿಗೆ ಹೆಸರಿಡುತ್ತದೆ. "ಇದು ಬಸ್ಸು" ಎನ್ನುತ್ತದೆ. ಐದು ನಿಮಿಷ ಬಿಟ್ಟು ಕೇಳಿದರೆ "ಇದು ನಾಯಿ" ಎನ್ನುತ್ತದೆ. ಸುಳ್ಳು ಹೇಳುತ್ತಿದೆ ಎಂದುಕೊಳ್ಳಬೇಡಿ. ಕಾಗದದ ಮೇಲಿನ ಒಂದು ಗುರುತು ಇನ್ನೊಂದು ವಸ್ತುವಿನ ಬದಲಿಗೆ ನಿಲ್ಲಬಹುದು ಎಂದು ಆ ಮಗುವಿಗೆ ಹೊಳೆದಿದೆ. ಅಕ್ಷರವೆಂದರೂ ಅದೇ ಅಲ್ಲವೇ? ಒಂದು ಗುರುತು, ಅದರ ಹಿಂದೆ ಒಂದು ಧ್ವನಿ. ಓದು ಬರಹದ ಬೀಜ ಮೊಳೆಯುವ ಗಳಿಗೆ ಇದು. ಅದನ್ನು "ಬಸ್ಸಿಗೆ ಚಕ್ರ ಎಲ್ಲಿ?" ಎಂದು ಕೇಳಿ ಹಾಳುಮಾಡಬಾರದು.

ನಾಲ್ಕರ ಆಸುಪಾಸಿನಲ್ಲಿ ಮನುಷ್ಯ ಹುಟ್ಟುತ್ತಾನೆ. ದೊಡ್ಡದೊಂದು ತಲೆ, ತಲೆಯಿಂದಲೇ ನೇರವಾಗಿ ಇಳಿದ ಎರಡು ಕಾಲು, ಕೆಲವೊಮ್ಮೆ ಕಿವಿಯ ಜಾಗದಿಂದ ಹೊರಟ ಕೈಗಳು. ಹೊಟ್ಟೆಯೇ ಇಲ್ಲ. ಮಳೆಗಾಲದ ಗದ್ದೆಯ ನೀರಿನಲ್ಲಿ ಕಾಣುವ ಗೊದಮೊಟ್ಟೆಯಂತೆ ಇರುವುದರಿಂದ ಪಾಶ್ಚಾತ್ಯ ಪಂಡಿತರೂ ಇದನ್ನು ಗೊದಮೊಟ್ಟೆ ಮನುಷ್ಯ ಎಂದೇ ಕರೆಯುತ್ತಾರೆ. ಐದಾರು ವರ್ಷಕ್ಕೆ ಕಾಗದದ ಬುಡದಲ್ಲಿ ಒಂದು ನೆಲದ ಗೆರೆ, ಮೇಲ್ತುದಿಯಲ್ಲಿ ಒಂದು ನೀಲಿ ಪಟ್ಟಿಯ ಆಕಾಶ, ನಡುವೆ ಮನೆ, ಮರ, ಮನುಷ್ಯರು ಬರುತ್ತಾರೆ. ಆಕಾಶ ನೆಲಕ್ಕೆ ತಾಗಬೇಕೆಂದು ನೀವು ತಿದ್ದಲು ಹೋದರೆ ಮಗು ಒಪ್ಪುವುದಿಲ್ಲ. ಅದರ ಅನುಭವದಲ್ಲಿ ಆಕಾಶ ಮೇಲೆ ಇರುವುದು, ನಾವು ಕೆಳಗೆ ಇರುವವರು. ಮಧ್ಯೆ ಖಾಲಿ.

ಈ ವಯಸ್ಸಿನಲ್ಲಿ ಗಾತ್ರ, ಅಳತೆಗಳು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮಗುವಿಗೆ ಮುಖ್ಯವಾದದ್ದು ದೊಡ್ಡದು. ಕಾಪುವಿನ ದೀಪಸ್ತಂಭಕ್ಕಿಂತ ಅದರ ಬುಡದಲ್ಲಿ ಐಸ್‌ಕ್ಯಾಂಡಿ ಮಾರುವವನು ಎತ್ತರವಿದ್ದರೆ ಆಶ್ಚರ್ಯಪಡಬೇಡಿ. ಕಾರ್ಕಳದ ಗೊಮ್ಮಟನನ್ನು ನೋಡಿ ಬಂದ ಮಗು ಬರೇ ಎರಡು ಪಾದ ಬಿಡಿಸಿದರೂ ಸರಿಯೇ. 1432ರಲ್ಲಿ ನಿಲ್ಲಿಸಿದ ಆ 42 ಅಡಿಯ ಮೂರ್ತಿಯ ಎದುರು ನಿಂತ ಮೂರು ಅಡಿಯ ಮಗುವಿನ ಕಣ್ಣಿಗೆ ಮೊದಲು ಬೀಳುವುದು ಪಾದವಲ್ಲದೆ ಇನ್ನೇನು?

ಬಣ್ಣದ ವಿಷಯವೂ ಅಷ್ಟೆ. ಕೆಂಪು ಸಮುದ್ರ ಬಿಡಿಸಿದ ಮಗುವಿಗೆ "ಸಮುದ್ರ ನೀಲಿ ಅಲ್ಲವಾ?" ಎನ್ನುವ ಮೊದಲು ಒಂದು ಸಂಜೆ ಮಲ್ಪೆಯಲ್ಲೋ ಕಾಪುವಿನಲ್ಲೋ ಹೊತ್ತು ಮುಳುಗುವಾಗ ಕಡಲನ್ನು ನೋಡಿ ಬನ್ನಿ. ಮಗು ನಮಗಿಂತ ಸರಿಯಾಗಿ ನೋಡಿರಲೂಬಹುದು.

ಲಾಭ ಯಾವುದು, ಉತ್ಪ್ರೇಕ್ಷೆ ಯಾವುದು

ಚಿತ್ರ ಬಿಡಿಸಿದರೆ ಮಗುವಿನ ಬುದ್ಧಿಮಟ್ಟ ಇಷ್ಟು ಅಂಕ ಏರುತ್ತದೆ, ಗಣಿತದಲ್ಲಿ ಮೊದಲಿಗನಾಗುತ್ತಾನೆ ಎಂದು ಹೇಳುವ ಜಾಹೀರಾತುಗಳನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ. ಕಣ್ಣಿಗೆ ಕಾಣುವ ಲಾಭಗಳೇ ಸಾಕಷ್ಟಿವೆ.

ಕೈಯ ವಿಷಯ ಆಗಲೇ ಹೇಳಿದೆ. ಎರಡನೆಯದು ಮಾತು. ಬಣ್ಣ ಹಚ್ಚುವ ಮಗು ಸುಮ್ಮನಿರುವುದಿಲ್ಲ, ತನ್ನಷ್ಟಕ್ಕೆ ಕತೆ ಕಟ್ಟುತ್ತಲೇ ಇರುತ್ತದೆ. ಪಕ್ಕದಲ್ಲಿ ಕುಳಿತು ಬೀನ್ಸ್ ಕತ್ತರಿಸುತ್ತಿರುವ ಅಮ್ಮನೋ ಅಜ್ಜಿಯೋ ಹೂಂಗುಟ್ಟಿದರೆ ಸಾಕು, ದಟ್ಟ, ತೆಳು, ಅಂಚು, ನಡು, ಒದ್ದೆ, ಒಣ, ಗಿಳಿ ಹಸಿರು, ಎಲೆ ಹಸಿರು ಎಂಬ ಶಬ್ದಗಳೆಲ್ಲ ಬಳಕೆಗೆ ಬರುತ್ತವೆ. ಮನೆಯಲ್ಲಿ ಕೊಂಕಣಿಯೋ ತುಳುವೋ ಮಾತಾಡಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕೇಳುವ ನಮ್ಮ ಕರಾವಳಿಯ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಮಾತು ಬಾರದ ಹೊಸ ಭಾಷೆಯ ತರಗತಿಯಲ್ಲಿ ಮೂಕನಂತೆ ಕುಳಿತ ಮಗುವೂ ಚಿತ್ರದಲ್ಲಿ ಮಾತಾಡಬಲ್ಲದು. ಮಣಿಪಾಲದಂಥ ಊರಲ್ಲಿ, ಎಲ್ಲೆಲ್ಲಿಂದಲೋ ಓದಲು, ಕೆಲಸ ಮಾಡಲು ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವಲ್ಲಿ, ಒಳ್ಳೆಯ ಟೀಚರುಗಳು ಮೊದಲ ವಾರ ಬಣ್ಣದ ಡಬ್ಬ ತೆರೆದಿಡುವುದು ಸುಮ್ಮನೆ ಅಲ್ಲ.

ಮೂರನೆಯದು, ತಾನೇ ಮಾಡಿ ತಾನೇ ಕಂಡುಕೊಳ್ಳುವುದು. ಹಳದಿಯ ಮೇಲೆ ಕೆಂಪು ಬಿದ್ದರೆ ಕೇಸರಿ, ನೀಲಿ ಬಿದ್ದರೆ ಹಸಿರು. ಎಲ್ಲವನ್ನೂ ಕಲಸಿದರೆ ಸಗಣಿಯ ಬಣ್ಣ. ಯಾರೂ ಹೇಳಿಕೊಡದೆ ಮಗು ಮಾಡುವ ಮೊದಲ ವಿಜ್ಞಾನ ಪ್ರಯೋಗ ಇದು. ನೀರು ಹೆಚ್ಚಾದರೆ ಬಣ್ಣ ಹರಿಯುತ್ತದೆ, ಒತ್ತಿದರೆ ಕಾಗದ ಹರಿಯುತ್ತದೆ, ಒಣಗುವವರೆಗೆ ಕಾಯಬೇಕಾಗುತ್ತದೆ. ಮುಟ್ಟಿದ ಕೂಡಲೇ ಬಣ್ಣ ಬದಲಾಗುವ ಮೊಬೈಲ್ ಪರದೆಯ ಚಿತ್ರದಾಟಗಳಲ್ಲಿ ಈ ಕಾಯುವಿಕೆ ಇಲ್ಲ, ಒದ್ದೆ ಇಲ್ಲ, ವಾಸನೆ ಇಲ್ಲ, ತಪ್ಪಿದರೆ ಅಳಿಸುವ ಗುಂಡಿ ಇದೆ. ಅದನ್ನು ಚಿತ್ರಕಲೆ ಎಂದು ಲೆಕ್ಕ ಹಿಡಿಯಬೇಡಿ.

ನಾಲ್ಕನೆಯದು ಮನಸ್ಸಿನ ವಿಷಯ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಮಗು ತನ್ನ ಸಂತೋಷ, ಭಯ, ಅಸೂಯೆಗಳನ್ನು ಚಿತ್ರದಲ್ಲಿ ಹಾಕುತ್ತದೆ ಎಂಬುದು ನಿಜ. ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿದ್ದಾರೆ. ಅಂಥ ಮನೆಯ ಮಗು ಮನೆಮಂದಿಯ ಚಿತ್ರ ಬಿಡಿಸಿ, ತಂದೆಯನ್ನು ವಿಮಾನದ ಪಕ್ಕದಲ್ಲಿಯೋ ಫೋನಿನ ಒಳಗೋ ಇಟ್ಟರೆ ಅದು ಇರುವ ಸಂಗತಿಯನ್ನೇ ಹೇಳುತ್ತಿದೆ. ಆದರೆ ವಾರಪತ್ರಿಕೆಗಳಲ್ಲಿ ಓದಿ, ಕಪ್ಪು ಬಣ್ಣ ಹಚ್ಚಿದರೆ ದುಃಖ, ಕೈ ಇಲ್ಲದಿದ್ದರೆ ಅಸಹಾಯಕತೆ ಎಂದೆಲ್ಲ ಅರ್ಥ ಹಚ್ಚಲು ಹೋಗಬೇಡಿ. ಕಪ್ಪು ಬಣ್ಣದ ಗೆರಟೆ ಕೈಗೆ ಹತ್ತಿರ ಇದ್ದದ್ದೇ ಕಾರಣ ಇರಬಹುದು! ಚಿತ್ರವೊಂದನ್ನೇ ನೋಡಿ ಯಾವ ತೀರ್ಮಾನವೂ ಸಲ್ಲದು. ನಿದ್ದೆ, ಊಟ, ಆಟಗಳಲ್ಲಿಯೂ ವಾರಗಟ್ಟಲೆ ಬದಲಾವಣೆ ಕಂಡರೆ ಆಗ ಮಕ್ಕಳ ವೈದ್ಯರನ್ನು ಕಾಣಿ. ಉಳಿದಂತೆ, ಮಗು ಬಿಡಿಸಿದ್ದನ್ನು ಫೋಟೋ ತೆಗೆದು ತಂದೆಗೆ ಕಳುಹಿಸಿ. ತಂದೆ "ಸೂಪರ್" ಎಂದು ಹೆಬ್ಬೆರಳಿನ ಗುರುತು ಒತ್ತಿ ಬಿಡುವ ಬದಲು ಎರಡು ನಿಮಿಷ ಫೋನಿನಲ್ಲಿ "ಇದರ ಬಗ್ಗೆ ಹೇಳು ಮಗಾ" ಎಂದು ಕೇಳಿದರೆ, ದೂರದಲ್ಲಿದ್ದೂ ಮಗುವಿನ ದಿನದೊಳಗೆ ಬಂದ ಹಾಗಾಗುತ್ತದೆ.

ಬಹುಮಾನ ಬೇಡ

ಊರಿನ ಸಂಘಗಳು, ಶಾಲಾ ವಾರ್ಷಿಕೋತ್ಸವಗಳು, ಕ್ರಿಸ್ಮಸ್ ಕೂಟಗಳು ಎಲ್ಲ ಕಡೆ ಈಗ ಎಲ್.ಕೆ.ಜಿ., ಯು.ಕೆ.ಜಿ. ಮಕ್ಕಳಿಗೂ ಚಿತ್ರಕಲಾ ಸ್ಪರ್ಧೆ. ಮಗುವಿನ ಕೈ ಹಿಡಿದು ಬಣ್ಣ ತುಂಬಿಸುವ ತಾಯಂದಿರು, ಹೊರಗಿನಿಂದಲೇ "ಅಂಚು ಮೀರಬೇಡ" ಎಂದು ಕೂಗುವ ತಂದೆಯರು. ಫಲಿತಾಂಶ ಬಂದಾಗ ಒಬ್ಬರ ಮಗುವಿಗೆ ಕಪ್, ಹತ್ತೊಂಬತ್ತು ಮಕ್ಕಳಿಗೆ ಅಳು.

1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಒಂದು ಪ್ರಯೋಗ ನಡೆಸಿದರು. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮೂರರಿಂದ ಐದು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಸಿಗುತ್ತದೆ" ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಮೊದಲು ಹೇಳದೆ ಕೊನೆಗೆ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ಬಣ್ಣದ ಪೆನ್ನುಗಳನ್ನು ಮತ್ತೆ ಮೇಜಿನ ಮೇಲಿಟ್ಟು ದೂರದಿಂದ ಗಮನಿಸಿದರು. ಬಹುಮಾನದ ಆಸೆಯಿಂದ ಬಿಡಿಸಿದ್ದ ಮಕ್ಕಳು ಈಗ ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದತ್ತ ಬಂದರು. ಆಟವಾಗಿದ್ದದ್ದು ಕೂಲಿಯಾಗಿ ಹೋಗಿತ್ತು. ಕೂಲಿ ನಿಂತಿತು, ಕೆಲಸವೂ ನಿಂತಿತು.

ಸಂಘದವರಲ್ಲಿ ನನ್ನ ಬೇಡಿಕೆ ಇಷ್ಟೇ. ಆರು ವರ್ಷದ ಕೆಳಗಿನವರಿಗೆ ಸ್ಪರ್ಧೆ ಬಿಟ್ಟು, ಉದ್ದದ ಒಂದು ಕಾಗದ ಹಾಸಿ ಎಲ್ಲರೂ ಕೂಡಿ ಬಿಡಿಸಲಿ. ಎಲ್ಲರಿಗೂ ಒಂದೊಂದು ಲಾಡು ಕೊಡಿ.

ಮೊದಲೇ ಅಚ್ಚಾದ ಚಿತ್ರದೊಳಗೆ ಬಣ್ಣ ತುಂಬುವ ಪುಸ್ತಕಗಳ ಬಗ್ಗೆಯೂ ಕೇಳುತ್ತಾರೆ. ಅವು ವಿಷವೇನಲ್ಲ. ಪ್ರಯಾಣದಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಉಪಯೋಗಕ್ಕೆ ಬರುತ್ತವೆ. ಆದರೆ ಅದು ಬೇರೆಯವರ ಚಿತ್ರ. ಮಗುವಿನದು ಕೂಲಿ ಮಾತ್ರ. ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿಯೂ ಕಳೆದುಹೋದ ಕುರಿಯ ಚಿತ್ರವನ್ನು ಜೆರಾಕ್ಸ್ ಮಾಡಿ ಹಂಚುವ ಬದಲು, ಕತೆ ಹೇಳಿ ಖಾಲಿ ಕಾಗದ ಕೊಟ್ಟು ನೋಡಿ. ಕುರಿಗೆ ಎಂಟು ಕಾಲು ಬರಬಹುದು. ಆದರೆ ಆ ಕುರಿ ಎಲ್ಲಿ ಅಡಗಿತ್ತು, ಅದಕ್ಕೆ ಹೆದರಿಕೆಯಾಯಿತೇ ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ನಮ್ಮ ಮನೆಯ ಬಣ್ಣಗಳು

"ಬಣ್ಣಕ್ಕೆ ದುಡ್ಡು ಬೇಡವೇ?" ಎಂದು ಕೇಳಬಹುದು. ನಮ್ಮ ಹಿತ್ತಿಲಲ್ಲಿ ಇರುವಷ್ಟು ಬಣ್ಣ ಅಂಗಡಿಯಲ್ಲಿ ಇಲ್ಲ. ಬಸಳೆ ಚಪ್ಪರದಲ್ಲಿ ಹಣ್ಣಾದ ಕಪ್ಪು ಕಾಯಿಗಳನ್ನು ಹಿಂಡಿದರೆ ಕಡುನೇರಳೆ ಕೆಂಪು. ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿ ತಣಿಸಿದರೆ ನೀಲಿ, ಅದಕ್ಕೆ ನಾಲ್ಕು ಹನಿ ಲಿಂಬೆರಸ ಬಿದ್ದರೆ ನೋಡ ನೋಡುತ್ತಲೇ ನೇರಳೆ. ಅರಶಿನದ ಹಳದಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಕೆಂಪು. (ಅರಶಿನಕ್ಕೆ ಸುಣ್ಣ ಬೆರೆಸಿದರೂ ಕೆಂಪಾಗುತ್ತದೆ, ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ಹತ್ತಿರ ಸುಣ್ಣ ಬೇಡ.) ಪುನರ್ಪುಳಿಯ ಸಿಪ್ಪೆ, ಬೀಟ್ರೂಟ್, ಹರಿವೆಯ ಕೆಂಪು ಸೊಪ್ಪು, ಗೆರಟೆ ಸುಟ್ಟ ಇದ್ದಿಲು. ಅಂಗಳದ ಕೆಂಪು ಮಣ್ಣನ್ನು ಜಾಲರಿಯಲ್ಲಿ ಸೋಸಿ ನೀರಿನಲ್ಲಿ ಕದಡಿ, ಮೇಲಿನ ತಿಳಿ ಬಗ್ಗಿಸಿ ಅಡಿಯ ನುಣುಪು ತೆಗೆದರೆ ಕಾವಿ ಬಣ್ಣ. ನಮ್ಮ ಕರಾವಳಿಯ ಹಳೆಯ ದೇವಸ್ಥಾನ, ಮನೆಗಳ ಗೋಡೆಯ ಮೇಲೆ ಕೆರೆದು ಮೂಡಿಸಿದ ಕಾವಿ ಕಲೆಯ ಕೆಂಪೂ ಇಂಥ ಮಣ್ಣಿನದೇ. ಬಣ್ಣ ಕಾಗದಕ್ಕೆ ಹಿಡಿಯಲು ಅಂಟು ಬೇಕಲ್ಲ? ದಪ್ಪ ಗಂಜಿ ತಿಳಿ ಸಾಕು. ಮೈದಾ ಕುದಿಸಿ ಮಾಡಿದ ಪೇಸ್ಟ್‌ನಲ್ಲಿ ಬಣ್ಣ ಕಲಸಿದರೆ ಬೆರಳಿನಿಂದಲೇ ಹಚ್ಚಬಹುದು. ಆದರೆ ಅವತ್ತಿನದು ಅವತ್ತಿಗೇ ಮುಗಿಸಿ, ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ.

ಕಾಗದಕ್ಕೆ ಹಳೆಯ ಕ್ಯಾಲೆಂಡರಿನ ಬೆನ್ನು, ಮದುವೆ ಕಾಗದದ ಒಳಬದಿ, ಟಿ.ವಿ. ಬಂದ ರಟ್ಟಿನ ಪೆಟ್ಟಿಗೆ. ಅಡಿಕೆ ಹಾಳೆಯ ಒಳಮೈಯಷ್ಟು ಚೆಂದದ ಫಲಕ ಇನ್ನೊಂದಿಲ್ಲ. ಬ್ರಷ್ಷಿಗೆ ತೆಂಗಿನ ನಾರಿನ ಕುಚ್ಚು, ಹಳೆಯ ಹಲ್ಲುಜ್ಜುವ ಬ್ರಷ್, ಬೆಂಡೆಕಾಯಿಯ ತುಂಡು. ಆಷಾಢದ ಮಳೆಯಲ್ಲಿ ಕಾಗದ ಎರಡು ದಿನವಾದರೂ ಒಣಗದು. ಆಗ ಕಾವಿ ನೆಲದ ಮೇಲೆ ಸೀಮೆಸುಣ್ಣ ಕೊಡಿ. ಎಪ್ರಿಲ್ ಮೇ ತಿಂಗಳ ಬೇಸಗೆಯಲ್ಲಿ ಒಂದು ಚೆಂಬು ನೀರು, ಪೈಂಟರ್‌ನ ಅಗಲ ಬ್ರಷ್ ಕೊಟ್ಟು ಮುರಕಲ್ಲಿನ ಕಂಪೌಂಡ್ ಗೋಡೆಯ ಹತ್ತಿರ ಬಿಡಿ. ಒದ್ದೆಯಾದಲ್ಲಿ ಕಲ್ಲು ಕಡುಕೆಂಪಾಗುತ್ತದೆ, ಎರಡು ನಿಮಿಷದಲ್ಲಿ ಒಣಗಿ ಮಾಯವಾಗುತ್ತದೆ. ಮತ್ತೆ ಬಿಡಿಸಬಹುದು. ಒಂದು ರೂಪಾಯಿ ಖರ್ಚಿಲ್ಲ, ತೊಳೆಯುವ ಕೆಲಸವೂ ಇಲ್ಲ. ನೆರಳಿರುವ ಬದಿಯನ್ನು ಮಾತ್ರ ಆರಿಸಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಹಬ್ಬಕ್ಕೆ ಮನೆಗೆ ಬಳಿದು ಉಳಿದ ಎನಾಮೆಲ್ ಪೈಂಟನ್ನು ಮಕ್ಕಳ ಕೈಗೆ ಎಂದಿಗೂ ಕೊಡಬೇಡಿ. ಹಳೆಯ ಪೈಂಟುಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸದ ಅಂಶ ಇರುತ್ತಿತ್ತು. ಸೀಸ ಮಗುವಿನ ಮೆದುಳಿಗೆ ಮಾಡುವ ಹಾನಿ ಸರಿಪಡಿಸಲಾಗದ್ದು. ಪೈಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ನಮ್ಮ ದೇಶದಲ್ಲಿ ನಿಯಮ ಬಂದದ್ದೇ 2016ರಲ್ಲಿ. ಅಟ್ಟದ ಮೇಲೆ ಅದಕ್ಕಿಂತ ಹಳೆಯ ಡಬ್ಬಗಳಿದ್ದರೆ ತೆಗೆಯಿರಿ. ಹೆಸರು ವಿಳಾಸ ಇಲ್ಲದ ಹೋಳಿ ಬಣ್ಣದ ಪೊಟ್ಟಣಗಳೂ, ಬಟ್ಟೆಗೆ ಹಾಕುವ ಬಣ್ಣಗಳೂ ಬೇಡ. ಅಂಗಡಿಯಿಂದ ತರುವುದಾದರೆ ಮಕ್ಕಳಿಗೆಂದೇ ತಯಾರಿಸಿದ, ವಿಷರಹಿತ ಎಂದು ಬರೆದ ನೀರಿನ ಬಣ್ಣ ಅಥವಾ ಪೋಸ್ಟರ್ ಬಣ್ಣ ತನ್ನಿ. ಎರಡು ವರ್ಷದ ಮಗು ಅದನ್ನು ಬಾಯಿಗೆ ಹಾಕಿಯೇ ಹಾಕುತ್ತದೆ ಎಂದು ಲೆಕ್ಕ ಹಿಡಿದೇ ಕೊಡಿ.

ನೋಡಿ ಕಲಿಯುವುದೂ ಇದೆ

ಮಗು ಬಿಡಿಸುವುದರ ಜತೆಗೆ ಒಳ್ಳೆಯ ಚಿತ್ರ ನೋಡಬೇಕು. ಮೊಂತಿ ಹಬ್ಬದ ಮೊದಲಿನ ಒಂಬತ್ತು ದಿನ ಹೂ ಕೊಯ್ದು ಬುಟ್ಟಿ ತುಂಬಿಸುವ ಮಗು, ನೆರೆಮನೆಯ ಅಂಗಳದ ರಂಗವಲ್ಲಿ, ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಬರೆಯುವ ವೇಷಧಾರಿ, ಇವೆಲ್ಲ ಬಣ್ಣದ ಪಾಠಗಳೇ. ಮಂಗಳೂರಿಗೆ ಹೋದಾಗ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಕರೆದೊಯ್ಯಿರಿ. ಇಟಲಿಯ ಬೆರ್ಗಾಮೊ ಕಡೆಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಅದರ ಗೋಡೆ, ಮಾಡುಗಳ ತುಂಬ ಚಿತ್ರ ಬರೆದರು. ಕೆಲವು ಹಸಿ ಗಾರೆಯ ಮೇಲೆ, ಕೆಲವು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ. ಮಕ್ಕಳ ನಡುವೆ ಕುಳಿತ ಯೇಸುವಿನ ಚಿತ್ರವೂ ಅಲ್ಲಿದೆ. ನಾಲ್ಕು ವರ್ಷದ ಮಗುವಿಗೆ ಇತಿಹಾಸ ಹೇಳಲು ಹೋಗಬೇಡಿ. "ಹೂ ಹಿಡಿದವರು ಎಲ್ಲಿದ್ದಾರೆ ಹುಡುಕು" ಎಂದರೆ ಸಾಕು. ಹತ್ತು ನಿಮಿಷ ಮೀರಿದರೆ ಹೊರಗೆ ಕರೆದುಕೊಂಡು ಬನ್ನಿ.

ದೊಡ್ಡ ಕಲಾವಿದ ನಮ್ಮ ಊರಲ್ಲೂ ಹುಟ್ಟುತ್ತಾನೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ ಕಲಿತು, ಪದ್ಮಭೂಷಣದವರೆಗೆ ಏರಿ, 1996ರಲ್ಲಿ ತೀರಿಕೊಂಡರು. ಕುಣಿಯುವವರ ಮೈಯನ್ನು ಒಂದೆರಡು ಗೆರೆಗಳಲ್ಲಿ ಹಿಡಿಯುವ ಅವರ ರೇಖಾಚಿತ್ರಗಳನ್ನು ನೋಡಿದವರು ಮರೆಯಲಾರರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರೂ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದವರು, ಪುತ್ತೂರಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಆಟ, ಕುಣಿತ, ಚಿತ್ರಗಳ ಮೂಲಕ ಕಲಿಸಲು ಹೊರಟವರು. ಹಾಗೆಂದು ನಿಮ್ಮ ಮಗು ಹೆಬ್ಬಾರರಾಗಲಿ ಎಂಬ ಆಸೆಯಿಂದ ಬಣ್ಣ ಕೊಡಬೇಡಿ. ಮಗು ನಾಳೆ ನರ್ಸ್ ಆಗಬಹುದು, ಬಡಗಿಯಾಗಬಹುದು, ಬೋಟಿನ ತಾಂಡೇಲನಾಗಬಹುದು. ಹದವಾದ ಕೈ, ನೋಡಬಲ್ಲ ಕಣ್ಣು ಯಾರಿಗೆ ಬೇಡ?

ಶಾಲೆಯಲ್ಲಿ ಕೇಳಬೇಕಾದದ್ದು

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಸೇರಿದೆ. ಬರೇ ಊಟದ ಕೇಂದ್ರ ಅದಲ್ಲ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಸಬೇಕೆಂದೂ ಕಲೆಗೆ ಅದರಲ್ಲಿ ಸ್ಥಾನವಿರಬೇಕೆಂದೂ ಹೇಳುತ್ತದೆ. ಆದ್ದರಿಂದ ಮಗುವನ್ನು ಸೇರಿಸುವ ಮೊದಲು ಟೀಚರರನ್ನು ಗೌರವದಿಂದಲೇ ಕೇಳಿ: "ಟೀಚರ್, ವಾರಕ್ಕೆ ಎಷ್ಟು ಸಲ ಮಕ್ಕಳು ಬಣ್ಣ ಮುಟ್ಟುತ್ತಾರೆ?" ಗೋಡೆಯ ಮೇಲೆ ಅಂಟಿಸಿದ ಚಿತ್ರಗಳನ್ನೂ ನೋಡಿ. ಮೂವತ್ತು ಮಕ್ಕಳ ಮೂವತ್ತು ಚಿತ್ರಗಳೂ ಒಂದೇ ತರಹದ ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ ಆಗಿದ್ದರೆ ಬಿಡಿಸಿದವರು ಟೀಚರೇ ಎಂದು ತಿಳಿಯಿರಿ. ಹಾಗೆಂದು ಟೀಚರರನ್ನು ದೂರುವುದು ಸುಲಭ. ಕಾಪಿ ಬರೆಸದಿದ್ದರೆ "ಏನೂ ಕಲಿಸುವುದಿಲ್ಲ" ಎಂದು ಆಫೀಸಿಗೆ ಹೋಗಿ ಹೇಳುವವರು ನಾವೇ ಅಲ್ಲವೇ?

ಎಡಗೈ ಮುಂದೆ ಮಾಡುವ ಮಗುವಿನ ಬಗ್ಗೆ ಒಂದು ಮಾತು. ಹತ್ತರಲ್ಲಿ ಒಬ್ಬರಷ್ಟು ಜನ ಎಡಗೈಯವರು. ಬಣ್ಣ ಹಚ್ಚುವಾಗಲೇ ಇದು ಮೊದಲು ತಿಳಿಯುವುದು. ಕುಂಚವನ್ನು ಕಿತ್ತು ಬಲಗೈಗೆ ಕೊಡಬೇಡಿ. ಊಟದ ಮರ್ಯಾದೆಯನ್ನು ಬೇರೆಯಾಗಿ ಕಲಿಸಬಹುದು. ಚಿತ್ರಕ್ಕೂ ಬರಹಕ್ಕೂ ಯಾವ ಕೈಯಾದರೂ ಸರಿ. ಅಜ್ಜಿಯಂದಿರಿಗೆ ಇದನ್ನು ತಾಳ್ಮೆಯಿಂದ ತಿಳಿಸಬೇಕಾಗುತ್ತದೆ.

ಹಾಗೆಯೇ ನಾಲ್ಕೈದು ವರ್ಷವಾದರೂ ಕೆಂಪು ಹಸಿರುಗಳನ್ನು ಮತ್ತೆ ಮತ್ತೆ ಅದಲುಬದಲು ಮಾಡುವ ಗಂಡುಮಗುವಿದ್ದರೆ ಕಣ್ಣಿನ ವೈದ್ಯರಲ್ಲಿ ತೋರಿಸಿ. ಬಣ್ಣ ಗುರುತಿಸುವ ದೋಷ ಗಂಡುಮಕ್ಕಳಲ್ಲಿಯೇ ಹೆಚ್ಚು. ಅದು ದಡ್ಡತನವಲ್ಲ, ತಿಳಿದಿದ್ದರೆ ಟೀಚರರಿಂದ ಬೈಗುಳ ತಪ್ಪುತ್ತದೆ.

ಕೊನೆಗೆ, ಬಿಡಿಸಿದ ಚಿತ್ರಗಳನ್ನು ಏನು ಮಾಡುವುದು? ಎಲ್ಲವನ್ನೂ ಇಟ್ಟುಕೊಳ್ಳಲು ಮನೆ ಸಾಲದು. ತಿಂಗಳಿಗೆ ಒಂದೆರಡನ್ನು ಮಗುವಿನಿಂದಲೇ ಆರಿಸಿ, ಹಿಂಬದಿಯಲ್ಲಿ ಹೆಸರು, ತಾರೀಕು, ಮಗು ಹೇಳಿದ ಕತೆಯ ಒಂದು ಸಾಲು ಬರೆದು, ನಾಫ್ತಲೀನ್ ಗುಳಿಗೆ ಬೇಡ, ಒಣಗಿದ ಬೇವಿನ ಎಲೆ ಹಾಕಿ ಬಟ್ಟೆಯ ಪೆಟ್ಟಿಗೆಯ ಅಡಿಯಲ್ಲಿ ಇಡಿ. ಉಳಿದವುಗಳನ್ನು ಒಲೆಗೆ ಹಾಕುವುದಾದರೆ ಮಗು ಮಲಗಿದ ಮೇಲೆ ಹಾಕಿ.